ಕಾರ್ಬನ್ ಪ್ರತಿಯ ಐದು ಷರತ್ತುಗಳು

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡುಬಿಡುವುದು ಮೇಲು. ಕಚೇರಿಯ ಟಿಪ್ಪಣಿಗಳನ್ನು ಬರೆದು ಕೈ ಪಳಗಿಸಿಕೊಂಡವಳು ನಾನು; ಮನೆಯ ಸಂಗತಿಗಳನ್ನು ಬರೆದು ಅಭ್ಯಾಸವಿಲ್ಲ. ಇಲ್ಲಿ ಎಲ್ಲಾದರೂ ವಾಕ್ಯ ಬಿಗಿದುಕೊಂಡಿದ್ದರೆ, ಮುಖ್ಯವಾದುದನ್ನು ಬಿಟ್ಟು ಅಮುಖ್ಯವಾದುದನ್ನು ಹಿಡಿದುಕೊಂಡಿದ್ದರೆ, ಓದುವವರು ಸೈರಿಸಿಕೊಳ್ಳಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ತಪ್ಪು ಬರೆದರೆ ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ, ತಪ್ಪೇ ಆಗದಂತೆ ಬರೆಯಬೇಕೆಂಬ ಆತಂಕ ಅಂದಿನಿಂದಲೂ ಅಂಟಿಕೊಂಡಿದೆ. ಈಗ ಹೇಳಹೊರಟಿರುವುದೂ ಆ ಆತಂಕ ತಂದಿಟ್ಟ ಫಜೀತಿಯನ್ನೇ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಒಂದು ವಠಾರದಲ್ಲಿ ನಾವು ಬಾಡಿಗೆಗಿದ್ದೆವು. ಸಾಲಾಗಿ ಆರು ಮನೆ, ಎಲ್ಲಕ್ಕೂ ಒಂದೇ ನಲ್ಲಿ. ನನ್ನ ಪತಿ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಮೆಜೆಸ್ಟಿಕ್ಕಿನಿಂದಾಚೆಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನನ್ನ ನೌಕರಿ ಇನ್ನೂ ಕಾಯಮಾಗಿರಲಿಲ್ಲ. ಹೆರಿಗೆ ರಜೆಯೂ ಅದಕ್ಕೆ ಸೇರಿಸಿ ಪಡೆದ ರಜೆಯೂ ಮುಗಿಯುತ್ತ ಬಂದಾಗ ಮಗಳಿಗೆ ನಾಲ್ಕು ತಿಂಗಳು. ತವರಿನಿಂದ ನನ್ನೊಡನೆ ಬಂದು ಮೂರು ವಾರ ನಿಂತಿದ್ದ ತಾಯಿ, ಊರಿನಲ್ಲಿ ತಂದೆಯವರ ಹಿಟ್ಟಿನ ಗಿರಣಿಗೆ ಇನ್ನೊಂದು ಕೈ ಬೇಕೆಂದು ಹಿಂದಿರುಗಿದ್ದರು. ಅತ್ತೆಯವರು ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮುಂದಿನ ಸೋಮವಾರದೊಳಗೆ ಮಗುವನ್ನು ನೋಡಿಕೊಳ್ಳುವವರು ಸಿಗದಿದ್ದರೆ ರಾಜೀನಾಮೆ ಕೊಡುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಸಾಲಿನ ಮೂರನೆಯ ಮನೆಯಲ್ಲಿ ದಾವಣಗೆರೆಯ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದರು. ಐವತ್ತು ದಾಟಿದ ವಯಸ್ಸು, ಹಣೆಯ ತುಂಬ ವಿಭೂತಿ. ಪತಿ ಮಿಲ್ಲಿನಿಂದ ನಿವೃತ್ತರು. ವಠಾರದವರೆಲ್ಲ ಅವರನ್ನು ‘ಮೂರನೇ ಮನೆ ಅಮ್ಮ’ ಎನ್ನುತ್ತಿದ್ದೆವು. ನನ್ನ ಮಗಳು ರಚ್ಚೆ ಹಿಡಿದಾಗ ಅವರು ನಲ್ಲಿಯ ಬಳಿಯಿಂದಲೇ ನಾಲಿಗೆಯಲ್ಲಿ ಲೊಟಕ್ಕನೆ ಒಂದು ಸದ್ದು ಮಾಡಿದರೆ ಸಾಕು, ಅಳು ಅಲ್ಲಿಗೇ ನಿಲ್ಲುತ್ತಿತ್ತು. ನಾನು ಎಷ್ಟು ಅಭ್ಯಾಸ ಮಾಡಿದರೂ ಆ ಸದ್ದು ನನಗೆ ಒಲಿಯಲಿಲ್ಲ. ಅವರನ್ನಲ್ಲದೆ ಬೇರೆಯವರನ್ನು ಕೇಳುವ ಮನಸ್ಸೂ ನನಗಿರಲಿಲ್ಲ.

ಕೇಳಿದೆ. ಅವರು ಕೂಡಲೇ ಒಪ್ಪಿದರು. ತೊಂದರೆ ಆರಂಭವಾದದ್ದು ಆನಂತರ. ತಿಂಗಳಿಗೆ ಎಷ್ಟು ಕೊಡಬೇಕೆಂದು ವಿಚಾರಿಸಿದರೆ, ನಿನ್ನ ಮನಸ್ಸಿಗೆ ಬಂದಷ್ಟು ಕೊಡವ್ವ ಎಂದರು. ಮರುದಿನ ಮತ್ತೆ ಹೋಗಿ ಕೇಳಿದಾಗ ಕಾಫಿ ಕೊಟ್ಟು ಅದನ್ನೇ ಹೇಳಿದರು. ಮೂರನೆಯ ದಿನ ಕಾಫಿಯ ಜೊತೆಗೆ ಚಕ್ಕುಲಿಯನ್ನೂ ಇಟ್ಟರು. ಉತ್ತರ ಮಾತ್ರ ಬದಲಾಗಲಿಲ್ಲ.

ಮನಸ್ಸಿಗೆ ಬಂದಷ್ಟು ಎಂದರೆ ಎಷ್ಟು? ಕಡಿಮೆ ಕೊಟ್ಟರೆ ಅವರು ನೊಂದುಕೊಳ್ಳಬಹುದು, ಹೇಳಲಾರರು. ಹೆಚ್ಚು ಕೊಟ್ಟರೆ ನಮ್ಮ ತಿಂಗಳು ಸಾಗದು, ನಾವು ಹೇಳಲಾರೆವು. ಪರಿಚಯದವರನ್ನು ಕೇಳಿದೆ. ನನ್ನೊಡನೆ ಕೆಲಸ ಮಾಡುತ್ತಿದ್ದ ಮಹಿಳೆಯರ ಮಕ್ಕಳನ್ನೆಲ್ಲ ಅವರವರ ಅತ್ತೆಯೋ ತಾಯಿಯೋ ನೋಡಿಕೊಳ್ಳುತ್ತಿದ್ದರು. ಮಗು ನೋಡಿಕೊಂಡದ್ದಕ್ಕೆ ಹಣವೇ ಎಂದು ಒಬ್ಬರು ಹುಬ್ಬೇರಿಸಿದರು. ಇನ್ನೊಬ್ಬರು, ಗೌರಿಹಬ್ಬಕ್ಕೆ ಒಂದು ಒಳ್ಳೆಯ ಸೀರೆ ಕೊಡಿಸಿಬಿಡಿ ಎಂದು ಸಲಹೆಯಿತ್ತರು. ಒಟ್ಟಿನಲ್ಲಿ ಈ ಕೆಲಸಕ್ಕೆ ದರವೆಂಬುದೇ ಇರಲಿಲ್ಲ.

ನನಗೆ ತಿಳಿದಿದ್ದ ದಾರಿ ಒಂದೇ. ಶುಕ್ರವಾರ ಮಧ್ಯಾಹ್ನ ಮಗು ಮಲಗಿದ್ದಾಗ, ಇಬ್ಬರಿಗೂ ಒಂದೊಂದು ಪ್ರತಿ ಇರಲೆಂದು ಕಾರ್ಬನ್ ಹಾಳೆ ಇಟ್ಟು, ‘ಷರತ್ತುಗಳು’ ಎಂಬ ಶಿರೋನಾಮೆಯಡಿ ಬರೆಯತೊಡಗಿದೆ. ಒಂದು: ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಗುವಿನ ಪಾಲನೆ. ಎರಡು: ಸದರಿ ಪಾಲನೆಯು ಮಗುವಿನ ಸ್ವಗೃಹದಲ್ಲಿ ನಡೆಯತಕ್ಕದ್ದು. ಮೂರು: ಮಾಸಿಕ ನಲವತ್ತು ರೂಪಾಯಿ. ನಾಲ್ಕು: ಮಗುವಿನ ಬಟ್ಟೆ ಒಗೆಯುವುದೂ ಇದರಲ್ಲಿ ಸೇರತಕ್ಕದ್ದು. ಐದು: ಪಾಲನೆ ಬೇಡವಾದ ದಿನಗಳಿಗೆ, ಪಾಲಕರು ಗೈರುಹಾಜರಾದ ದಿನಗಳಿಗೆ, ದಿನವೊಂದಕ್ಕೆ ಇಂತಿಷ್ಟೆಂದು ಕಡಿತ. ಎರಡು ಬಾರಿ ಓದಿ, ಕಾಗುಣಿತ ಸರಿಯಿದೆಯೆಂದು ಸಮಾಧಾನಪಟ್ಟೆ. ಸಂಜೆ ನನ್ನ ಪತಿ ಅದನ್ನು ಓದಿ ಬಹಳ ಹೊತ್ತು ನಕ್ಕರು.

“ಇದನ್ನ ಕೇಳಿಸ್ಕೊಂಡ್ರೆ ನಾಳೇನೇ ಯೂನಿಯನ್ ಕಟ್ತಾರೆ ಕಣೇ ಅವ್ರು,” ಎಂದರು.

ಶನಿವಾರ ಸಂಜೆ ಕಾಗದ ಹಿಡಿದು ಹೋದಾಗ ಅವರು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದರು. ಕಾಗದ ನೋಡಿ, ಓದವ್ವ, ಕೈ ಹಿಟ್ಟಾಗೈತೆ, ನಾನು ಕೇಳ್ತೀನಿ ಎಂದರು. ಹೊಸ್ತಿಲ ಬಳಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದೆ. ಮೊದಲನೆಯ ಷರತ್ತು ಮುಗಿಯುವವರೆಗೆ ತಟ್ಟುವ ಸದ್ದು ಒಂದೇ ಲಯದಲ್ಲಿತ್ತು. ಎರಡನೆಯದಕ್ಕೆ ನಿಧಾನವಾಯಿತು. ನಾಲ್ಕನೆಯದಕ್ಕೆ ನಿಂತಿತು. ಹೆದರಿ ನಾನೂ ನಿಲ್ಲಿಸಿದೆ. ಅವರು ಕಣ್ಣಲ್ಲೇ ಮುಂದುವರಿಸು ಎಂದರು. ಐದನೆಯದನ್ನು ಓದುವಷ್ಟರಲ್ಲಿ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ.

ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಅವರು ಕೇಳಿದರು:

“ನಿಮ್ಮ ಆಫೀಸ್ನಾಗೆ ಭಾನುವಾರ ರಜ ಅಲ್ಲೇನವ್ವ? ಆವತ್ತಿಂದು ಸಂಬಳ ಹಿಡೀತಾರಾ?”

“ಇಲ್ಲಮ್ಮ.”

“ನಿಂಗೆ ಜ್ವರ ಬಂದು ಮಲಗಿದ್ರೆ?”

“ರಜೆ ಕೊಡ್ತಾರೆ. ಸಂಬಳ ಬರುತ್ತೆ.”

“ಮತ್ತೆ ನನ್ನ ಕಾಗದದಾಗೆ ಬರೇ ಹಿಡಿಯಾದೇ ಬರ್ದೀಯಲ್ಲ. ನಿಮ್ಮ ಸಾಹೇಬ್ರು ನಿನಗಿಂತ ಒಳ್ಳೇರು ಬಿಡು.”

ಅವರು ನಗುತ್ತಲೇ ಹೇಳಿದ್ದರೂ ನನ್ನ ಕಿವಿ ಬಿಸಿಯಾಯಿತು. ಅಷ್ಟು ಜಾಗ್ರತೆಯಿಂದ ಬರೆದ ಕಾಗದದಲ್ಲಿ ಕಾಗುಣಿತವೊಂದು ಬಿಟ್ಟು ಮಿಕ್ಕದ್ದೆಲ್ಲ ತಪ್ಪಾಗಿತ್ತು. ಅವರು ಬೇಡವೆಂದುಬಿಟ್ಟರೆ ಸೋಮವಾರಕ್ಕೆ ಉಳಿದಿದ್ದುದು ಒಂದೇ ದಿನ. ಏನು ಬೇಕಾದರೂ ತಿದ್ದುತ್ತೇನೆ ಎಂದೆ. ಹಾಗಾದರೆ ತಿದ್ದು ಎಂದು ಅವರು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡರು.

“ನಾನು ನಿಮ್ಮನೀಗೆ ಬರಲ್ಲ. ಮಗೂನ ನೀನೇ ಇಲ್ಲಿಗೆ ತಂದು ಬಿಡು. ನಿಮ್ಮನೀಗೆ ನಾನು ಬಂದ್ರೆ ಕೆಲಸದೋಳು ಅಂತಾರೆ. ನಮ್ಮನೀಗೆ ಮಗು ಬಂದ್ರೆ ನಾನು ಅಜ್ಜಿ. ಬಟ್ಟೆ ನೀನೇ ಒಗ್ಕೋ.”

ಎರಡನೆಯ, ನಾಲ್ಕನೆಯ, ಐದನೆಯ ಷರತ್ತುಗಳನ್ನು ಅಲ್ಲಿಯೇ ಹೊಡೆದುಹಾಕಿದೆ. ಉಳಿದದ್ದು ಹಣದ ಮಾತು. ನಲವತ್ತು ಸಾಕೇ ಎಂದು ಕೇಳಿದರೆ ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಬೇರೇನೋ ಮಾತು ತೆಗೆದವರಂತೆ, ಬಾಗಿಲ ಹಿಂದೆ ಗೋಡೆಗೆ ಒರಗಿಸಿದ್ದ ಒಂದು ಮಣೆಯತ್ತ ಗದ್ದದಿಂದಲೇ ಸನ್ನೆ ಮಾಡಿದರು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅವರು ಊದಿನಕಡ್ಡಿ ಹೊಸೆಯುತ್ತಿದ್ದರಂತೆ. ವಾರಕ್ಕೊಮ್ಮೆ ಒಬ್ಬಾತ ಬಂದು ಕಡ್ಡಿ, ಹಿಟ್ಟು ಕೊಟ್ಟು, ಹೊಸೆದದ್ದನ್ನು ಎಣಿಸಿಕೊಂಡು ಹೋಗುತ್ತಿದ್ದನಂತೆ. ಮೂರು ವರ್ಷ ಒಂದೇ ಸಾಲಿನಲ್ಲಿದ್ದೂ ನನಗೆ ಇದು ತಿಳಿದಿರಲಿಲ್ಲ. ತಿಂಗಳಿಗೆ ನಲವತ್ತೈದರಷ್ಟು ಬರುತ್ತದೆ, ಮಗು ಬಂದ ಮೇಲೆ ಆ ಕರಿಹಿಟ್ಟಿನ ಕೈಯಲ್ಲಿ ಮಗುವನ್ನು ಎತ್ತಲಾಗುವುದಿಲ್ಲವಲ್ಲ ಎಂದಷ್ಟೇ ಹೇಳಿದರು.

ಅವರು ಕೊನೆಗೂ ಬೆಲೆ ಹೇಳಲಿಲ್ಲ. ತಮಗಾಗುವ ನಷ್ಟವನ್ನು ಹೇಳಿದರು. ಮಿಕ್ಕದ್ದನ್ನು ನನಗೇ ಬಿಟ್ಟರು. ಅವರ ದುಡಿಮೆಗಿಂತ ಐದು ರೂಪಾಯಿ ಕಡಿಮೆಗೆ ಮಗುವನ್ನೂ ಬಟ್ಟೆಯನ್ನೂ ಹೊರಿಸಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಅರವತ್ತು ಎಂದೆ. ಭಾನುವಾರವಿರಲಿ, ಹಬ್ಬವಿರಲಿ, ಮಗು ಬರಲಿ ಬಾರದಿರಲಿ, ಅದರಲ್ಲಿ ಬದಲಾವಣೆಯಿಲ್ಲ ಎಂದೂ ಸೇರಿಸಿದೆ. ಇನ್ನಷ್ಟು ಮಾತುಗಳೂ ಅಲ್ಲೇ ತೀರ್ಮಾನವಾದವು: ಯುಗಾದಿಗೆ ನಾಲ್ಕು ದಿನ ಅವರು ಊರಿಗೆ ಹೋಗುವುದು, ಆ ವಿಷಯವನ್ನು ವಾರದ ಮೊದಲೇ ನನಗೆ ತಿಳಿಸುವುದು. ನನಗೆ ಬಸ್ಸು ತಪ್ಪಿ ತಡವಾದರೆ ಅವರು ಬೇಸರಿಸದಿರುವುದು. ಹಣವನ್ನು ನಲ್ಲಿಯ ಬಳಿ ಯಾರೆದುರಿಗೂ ಕೈಗೆ ಕೊಡಕೂಡದು, ಮಗುವಿನ ಬಟ್ಟೆಯ ಚೀಲದಲ್ಲಿಟ್ಟು ಕಳಿಸಬೇಕೆಂಬುದು ಅವರ ಕೊನೆಯ ಷರತ್ತು. ಇವೆಲ್ಲವನ್ನೂ ಬರೆದುಕೊಳ್ಳಲೇ ಎಂದು ಕೇಳಿದೆ.

“ಬರ್ಕೊ, ನಿಂಗೆ ಬರೀದಿದ್ರೆ ನಿದ್ದಿ ಬರಾದಿಲ್ಲ. ನನಗೆ ನೆನಪಿರ್ತದೆ,” ಎಂದರು. ಒಪ್ಪಿದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಿಸಿ ರೊಟ್ಟಿಯೊಂದನ್ನು ಬೆಣ್ಣೆ ಹಚ್ಚಿ ನನ್ನ ಕೈಗಿಟ್ಟು, ಮಗುವನ್ನು ತಮ್ಮ ತೊಡೆಗೆ ಎಳೆದುಕೊಂಡರು.

ಮನೆಗೆ ಬಂದು ಅರವತ್ತೆಂದು ತಿಳಿಸಿದಾಗ ನನ್ನ ಪತಿ ಒಂದು ಕ್ಷಣ ಲೆಕ್ಕ ಹಾಕಿದರು. ತಿಂಗಳಿಗೊಮ್ಮೆಯ ಸಿನಿಮಾ ಹೋಯಿತು ಎಂದರು. ಆಮೇಲೆ, ತಮ್ಮ ಕಾರ್ಖಾನೆಯ ಸಂಬಳದ ಮಾತುಕತೆಗೆ ಮೂರನೇ ಮನೆ ಅಮ್ಮನನ್ನೇ ಕಳಿಸಬಹುದಿತ್ತೆಂದು ರಾತ್ರಿ ಊಟದವರೆಗೂ ಹೇಳುತ್ತಲೇ ಇದ್ದರು.

ಸೋಮವಾರ ನಾನು ಕೆಲಸಕ್ಕೆ ಹಾಜರಾದೆ. ಅದೇ ವರ್ಷ ನನ್ನ ನೌಕರಿ ಕಾಯಮಾಯಿತು. ಮನೆಗೆ ನನ್ನ ಸಂಬಳವೂ ನಿಲ್ಲದೆ ಬಂದದ್ದರಿಂದ ಮರುವರ್ಷ ನನ್ನ ತಂಗಿಯನ್ನು ಊರಿನಿಂದ ಕರೆಸಿ ಕಾಲೇಜಿಗೆ ಸೇರಿಸಿದೆವು. ನಮ್ಮ ಮನೆತನದ ಎರಡನೆಯ ಪದವೀಧರೆ ಅವಳು. ಮಗ ಹುಟ್ಟಿದಾಗ ರಾಜೀನಾಮೆಯ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅವನೂ ಮೂರನೆಯ ಮನೆಯಲ್ಲಿಯೇ ಬೆಳೆದ. ಆ ವೇಳೆಗೆ ದರ ಎಪ್ಪತ್ತೈದಾಗಿತ್ತು.