ಗುಹೆಯ ಬಾಯಲ್ಲಿ ಕೂತವರು

ಜಗತ್ತಿನ ಅತಿ ಉದ್ದದ ಗುಹೆ ಅಮೆರಿಕದ ಕೆಂಟಕಿಯಲ್ಲಿದೆ, ಆರುನೂರು ಕಿಲೋಮೀಟರಿಗೂ ಹೆಚ್ಚು ಅಳೆದಿದ್ದಾರೆ, ಇನ್ನೂ ಅದರ ಕೊನೆ ಸಿಕ್ಕಿಲ್ಲ ಎಂದು ನಾನು ಅತ್ತೆಗೆ ಹೇಳಿದ್ದು ಹೋದ ವರ್ಷದ ಬೇಸಿಗೆ ರಜೆಯಲ್ಲಿ. ಅವರು ಜಗಲಿಯಲ್ಲಿ ಕೂತು ಉಪ್ಪಿನಕಾಯಿಗೆ ಮಾವಿನ ಮಿಡಿ ಆರಿಸುತ್ತಿದ್ದರು. ಆರುನೂರು ಕಿಲೋಮೀಟರ್ ಎಂದರೆ ಎಷ್ಟೆಂದು ಅಂದಾಜು ಸಿಗಲಿ ಎಂದು, "ಇಲ್ಲಿಂದ ಬೆಂಗಳೂರಿಗೆ ಹೋಗಿ ಅಷ್ಟೇ ದೂರ ವಾಪಸ್ ಬಂದಂಗೆ ಅತ್ತೆ, ಎಲ್ಲ ನೆಲದ ಅಡಿಯಲ್ಲೇ" ಎಂದೆ.

ಅತ್ತೆ ಒಂದು ಮಿಡಿಯನ್ನು ಮೂಸಿ ನೋಡಿ ಬುಟ್ಟಿಗೆ ಹಾಕಿದರು. "ಅಷ್ಟುದ್ದ ಒಳಗೆ ಹೋದ್ರೆ ಬಾಯಲ್ಲಿ ಯಾರ್ ಕೂರ್ತಾರೆ?"

ಬಾಯಲ್ಲಿ ಯಾರೂ ಕೂರುವುದಿಲ್ಲ, ತಂಡ ಕಟ್ಟಿಕೊಂಡು ಹೋಗುತ್ತಾರೆ, ನಕ್ಷೆ ಇರುತ್ತದೆ ಎಂದೆ. ಮೆಕ್ಸಿಕೋದಲ್ಲಿ ನೀರು ತುಂಬಿದ ಗುಹೆಗಳೂ ಇವೆ, ಅಲ್ಲಿ ಮುಳುಗಿ ಹೋಗುವವರು ದಾರಿಯುದ್ದಕ್ಕೂ ಹಗ್ಗ ಬಿಟ್ಟುಕೊಂಡು ಹೋಗುತ್ತಾರೆ ಎಂದೂ ಹೇಳಿದೆ.

"ಹಗ್ಗ ಓಗೊಡ್ತದಾ?" ಎಂದರು ಅತ್ತೆ.

ನಾನು ನಕ್ಕೆ. ಆಗ ಅದು ತಮಾಷೆಯ ಮಾತಾಗಿ ಕೇಳಿತ್ತು.

ನಾನು ಸಾಗರದವಳು. ಬಿ.ಎ.ಯಲ್ಲಿ ಭೂಗೋಳ ಓದಿ, ಮದುವೆಯಾಗಿ ಈ ಊರಿಗೆ ಬಂದ ಮೇಲೆ ಹೊಸನಗರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಮನೆ ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ, ಬಸ್ಸು ಇಳಿದು ಸ್ವಲ್ಪ ದೂರ ನಡೆಯಬೇಕು. ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಗುಹೆ ಇದೆ. ಯಾರೂ ತೋಡಿದ್ದಲ್ಲ. ನಮ್ಮದು ಜಂಬಿಟ್ಟಿಗೆ ನೆಲ. ಮೇಲಿನ ಕಲ್ಲು ಗಟ್ಟಿ, ಅದರ ಅಡಿಯ ಮಣ್ಣು ಮೆತ್ತಗೆ. ಮಳೆಯ ನೀರು ವರ್ಷಾನುಗಟ್ಟಲೆ ಆ ಮೆತ್ತನೆಯ ಮಣ್ಣನ್ನು ಕೊಂಚ ಕೊಂಚವೇ ಹೊರಗೆ ಒಯ್ದು ದಾರಿ ಮಾಡಿಕೊಂಡಿದೆ. ಕೆಂಟಕಿಯ ಗುಹೆಯನ್ನು ಮಾಡಿದ್ದೂ ನೀರೇ, ಆದರೆ ಅಲ್ಲಿ ಅದು ಸುಣ್ಣದ ಕಲ್ಲನ್ನು ಕರಗಿಸಿತು. ನಮ್ಮ ಗುಹೆಯೊಳಗೆ ಬಗ್ಗಿಕೊಂಡು ಇಪ್ಪತ್ತು ಹೆಜ್ಜೆ ಹೋದರೆ ಒಂದು ಕಂಡಿ ಸಿಗುತ್ತದೆ. ಅದರಲ್ಲಿ ತೆವಳಬೇಕು. ಆಚೆಗೆ ಕೂತುಕೊಳ್ಳುವಷ್ಟು ಎತ್ತರದ ಒಂದು ಕೋಣೆ, ಅದರ ಗೋಡೆಯಿಂದ ಒಸರುವ ನೀರು. ಅದೇ ನೀರು ಗುಹೆಯ ನೆಲದಲ್ಲಿ ಹರಿದು ಬಂದು, ಬಾಯಲ್ಲಿ ಪೈಪು ಸೇರಿ, ನಮ್ಮ ಐದು ಮನೆಗಳ ಅಡುಗೆಮನೆಗೆ ಬರುತ್ತದೆ.

ಊರಿನವರ ಪ್ರಕಾರ ಗುಹೆ ಆ ಕೋಣೆಯಲ್ಲಿ ಮುಗಿಯುವುದಿಲ್ಲ, ಕೆಳದಿಯ ತನಕ ಹೋಗುತ್ತದೆ, ಅರಸರು ತಪ್ಪಿಸಿಕೊಳ್ಳಲು ಮಾಡಿಟ್ಟ ದಾರಿ ಅದು. ನಾನು ಮದುವೆಯಾಗಿ ಬಂದ ವಾರದಲ್ಲೇ ಇದನ್ನು ಚಿಕ್ಕಮಾವ, ಎಂದರೆ ಪಕ್ಕದ ಮನೆಯಲ್ಲಿರುವ ನನ್ನ ಮಾವನ ತಮ್ಮ, ಬಹಳ ಗಂಭೀರವಾಗಿ ಹೇಳಿದ್ದರು. ಅತ್ತೆ ಅಡುಗೆಮನೆಯಿಂದಲೇ, "ಕೆಳದಿ ಅರಸ ಹೊಟ್ಟೆ ಮೇಲೆ ತೆವಳ್ಕೊಂಡು ಬರ್ತಿದ್ನಾ? ಕಿರೀಟ ಎಲ್ಲಿ ಇಡ್ತಿದ್ದ?" ಎಂದಿದ್ದರು.

ಹಾಗೆ ಕೇಳುವ ಹಕ್ಕು ಅವರಿಗಿತ್ತು. ಮಳೆಗಾಲ ಶುರುವಾಗುವ ಮೊದಲು ಪ್ರತಿ ವರ್ಷ ಆ ಕೋಣೆಗೆ ಹೋಗಿ ಹೂಳು ತೆಗೆಯುವವರು ಅತ್ತೆಯೇ. ಆಗುಂಬೆ ಕಡೆಯಿಂದ ಸೊಸೆಯಾಗಿ ಬಂದಾಗ ಅವರ ಮೈ ಕಂಡಿಗೆ ಸರಿಹೊಂದಿತಂತೆ. ಅರವತ್ತು ದಾಟಿದರೂ ಇನ್ನೂ ಸರಿಹೊಂದುತ್ತದೆ. "ನಾನು ಹೋದ್ರೆ ಬಾಟ್ಲಿಗೆ ಬೂಚು ಹಾಕ್ದಂಗೆ ಆಗ್ತದೆ. ಐದು ಮನೆಗೂ ನೀರಿಲ್ಲ" ಎನ್ನುತ್ತಾರೆ ಚಿಕ್ಕಮಾವ ತಮ್ಮ ಹೊಟ್ಟೆ ತಟ್ಟಿಕೊಂಡು.

ಈ ಕೆಲಸಕ್ಕೆ ಒಂದು ಕ್ರಮವಿದೆ. ಒಬ್ಬರು ಒಳಗೆ, ಒಬ್ಬರು ಬಾಯಲ್ಲಿ. ಬಾಯಲ್ಲಿ ಕೂತವರು ಆಗಾಗ ಕೂ ಹಾಕಬೇಕು, ಒಳಗಿನವರು ಓಗೊಡಬೇಕು. ಒಳಗೆ ಹೂಳು ಕೆದಕಿದಾಗ ಬಾಯಲ್ಲಿ ನೀರು ಕೆಂಪಾಗಿ ಬರುತ್ತದೆ, ಕೆಲಸ ಮುಗಿದಾಗ ತಿಳಿಯಾಗುತ್ತದೆ. ಹಾಗಾಗಿ ಕಿವಿಗೆ ಕೂ, ಕಣ್ಣಿಗೆ ಕೆಂಪು ನೀರು, ಎರಡರ ಮೇಲೂ ನಿಗಾ ಇರಬೇಕು. ಒಳಗಿನಿಂದ ಬಂದ ಕೂ ಎದುರಿನ ಕಡಿದಾದ ಮಣ್ಣಿನ ದರೆಗೆ ಬಡಿದು ಮರಳುವುದರಿಂದ ಅದು ಯಾವಾಗಲೂ ಮೇಲಿನಿಂದ, ಗುಡ್ಡದಿಂದ ಬಂದಂತೆಯೇ ಕೇಳುತ್ತದೆ. ಮೊದಲ ವರ್ಷ ಬಾಯಲ್ಲಿ ಕೂತಾಗ ನಾನು ತಲೆಯೆತ್ತಿ ಮರದ ಮೇಲೆ ನೋಡಿದ್ದೆ.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ. ಕಾಡಿನಲ್ಲಿ ಯಾರೇ ಕೂ ಹಾಕಿದರೂ ಕೇಳಿಸಿಕೊಂಡವರು ತಿರುಗಿ ಕೂ ಹಾಕುತ್ತಾರೆ. ಯಾರು ಕರೆದರು, ಯಾರನ್ನು ಕರೆದರು ಎಂದು ವಿಚಾರಿಸುವುದಿಲ್ಲ. ದಾರಿ ತಪ್ಪಿದವರಿರಬಹುದು, ಒಂಟಿಯಾಗಿ ಹೆದರಿದವರಿರಬಹುದು, ನಾನು ಇಲ್ಲಿದ್ದೇನೆ ಎಂದು ತಿಳಿಸಿದರೆ ಸಾಕು. ಕೇಳಿಯೂ ಸುಮ್ಮನಿದ್ದವರನ್ನು ಊರಿನಲ್ಲಿ ಒಳ್ಳೆಯವರೆಂದು ಹೇಳುವುದಿಲ್ಲ.

ಹೋದ ವರ್ಷ ಹೂಳು ತೆಗೆಯುವ ದಿನ ನನ್ನ ಗಂಡ ಏನೋ ಕೆಲಸಕ್ಕೆ ತೀರ್ಥಹಳ್ಳಿಗೆ ಹೋಗಿದ್ದರು. ಅತ್ತೆ ಸೀರೆಯನ್ನು ಮೇಲಕ್ಕೆ ಕಟ್ಟಿ, ತಲೆಗೆ ಬ್ಯಾಟರಿ ಬಿಗಿದು, ಕೈಯಲ್ಲಿ ಒಂದು ತೆಂಗಿನ ಗರಟೆ ಹಿಡಿದು ಒಳಗೆ ಹೋದರು. ಹೂಳು ಎತ್ತಲು ಅವರಿಗೆ ಗರಟೆಯೇ ಆಗಬೇಕು. ಹೋಗುವಾಗ, "ಕೆಂಟಕಿ ಸಿಕ್ರೆ ಕೂಗ್ತೀನಿ ಕಣೆ" ಎಂದರು.

ನಾನು ಕೂತೆ. ಸ್ವಲ್ಪ ಹೊತ್ತಿಗೆ ನೀರು ಕೆಂಪಾಯಿತು. ಕೂ ಹಾಕಿದೆ, ಕೂ ಬಂತು. ಮತ್ತೆ ಹಾಕಿದೆ, ಮತ್ತೆ ಬಂತು. ಆಮೇಲೆ ಒಳಗೆ, ತುಂಬಿದ ಗೋಣಿಚೀಲವನ್ನು ಕೆಳಗಿಟ್ಟಂತಹ ಒಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ. ಅತ್ತೆ ಹೂಳನ್ನು ಪಕ್ಕಕ್ಕೆ ಎಸೆದಿರಬೇಕು ಎಂದುಕೊಂಡೆ. ಆದರೂ ಕೂ ಹಾಕಿದೆ. ಮೇಲಿನಿಂದ ಕೂ ಬಂತು. ಸಮಾಧಾನವಾಯಿತು.

ಆ ಸಮಾಧಾನ ನನಗೆ ಈಗಲೂ ನೆನಪಾಗುತ್ತದೆ. ಎಷ್ಟು ಸುಲಭವಾಗಿ ಸಿಕ್ಕಿತ್ತು ಅದು! ನಾನು ಫೋನು ತೆಗೆದು, ಮೊದಲೇ ಇಳಿಸಿಟ್ಟುಕೊಂಡಿದ್ದ ಕೆಂಟಕಿ ಗುಹೆಯ ನಕ್ಷೆಯನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡುತ್ತಾ ಕೂತೆ. ನಡುವೆ ಇನ್ನೆರಡು ಸಲ ಕೂ ಹಾಕಿದೆ, ಎರಡು ಸಲವೂ ಉತ್ತರ ಬಂತು. ಆ ಸದ್ದಾದ ಮೇಲೆ ಒಟ್ಟು ಮೂರು ಕೂ. ಹತ್ತು ನಿಮಿಷವಿರಬಹುದು.

ಕಾಲಿನ ಹತ್ತಿರ ಒಂದು ಒಣಗಿದ ಎಲೆ ಇತ್ತು. ನೀರಿನಲ್ಲಿ ತೇಲಿ ಹೋಗಬೇಕಾದ ಎಲೆ ಮರಳಿನ ಮೇಲೆ ಅಂಟಿಕೊಂಡು ಸುಮ್ಮನೆ ಕೂತಿತ್ತು. ಅದನ್ನು ನೋಡುತ್ತಿದ್ದೇನೆ ಎಂಬುದೇ ನನಗೆ ಕೆಲ ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಕಂಡಿತು. ನೀರು ಕೆಂಪೂ ಇಲ್ಲ, ತಿಳಿಯೂ ಇಲ್ಲ. ನೀರೇ ಇಲ್ಲ. ಕೂ ಬರುತ್ತಿದೆ, ನೀರು ಬರುತ್ತಿಲ್ಲ.

ಎದ್ದು ನಿಂತು ಗಂಟಲು ಹರಿಯುವಂತೆ ಕೂ ಹಾಕಿದೆ. ಉತ್ತರ ಬಂತು, ಅದರ ಹಿಂದೆಯೇ ಚಿಕ್ಕಮಾವನೂ ಬಂದರು. ತಲೆಯ ಮೇಲೆ ದರಗಿನ ಹೆಡಿಗೆ. ಕೊಟ್ಟಿಗೆಗೆ ಹಾಸಲು ಗುಡ್ಡದಲ್ಲಿ ಒಣ ಎಲೆ ಗುಡಿಸುತ್ತಿದ್ದರಂತೆ.

"ಎಂತ ತಂಗಿ, ಆಗಿಂದ ಕೂ ಹಾಕ್ತಾನೇ ಇದೀಯ? ನಾನೂ ಓಗೊಟ್ಟು ಓಗೊಟ್ಟು ಸಾಕಾಯ್ತು. ಎಂತ ದನ ತಪ್ಪಿಸ್ಕೊಂಡಿದ್ಯಾ?"

ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಅತ್ತೆ ಒಳಗಿದಾರೆ."

ಹೆಡಿಗೆ ಅವರ ತಲೆಯಿಂದ ಜಾರಿ ಬಿತ್ತು. ಅವರು ಗುಹೆಯ ಬಾಯಿಗೆ ಮುಖವಿಟ್ಟು "ಅತ್ಗೇ, ಅತ್ಗೇ" ಎಂದು ಕೂಗುತ್ತಿದ್ದಾಗ ನಾನು ಅವರ ಪಕ್ಕದಿಂದ ನುಗ್ಗಿ ಒಳಗೆ ಹೋದೆ. ಕೈಯಲ್ಲಿ ಫೋನಿನ ಬೆಳಕು. ಗುಹೆಯ ಬಗ್ಗೆ ನಾನು ಓದಿದ್ದರಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ಕಂಡಿ ಮುಚ್ಚಿಹೋಗಿತ್ತು. ಮೇಲಿನಿಂದ ಮಣ್ಣು ಮುದ್ದೆಯಾಗಿ ಕುಸಿದು, ಬೂಚು ಹಾಕಿದಂತೆಯೇ ಕೂತಿತ್ತು. ಅದರ ಆಚೆ ನೀರು ತುಂಬುತ್ತಿದೆ ಎಂಬುದು ಹೊಳೆದದ್ದೇ ತಡ, ಎರಡೂ ಕೈಯಲ್ಲಿ ಕೆರೆಯತೊಡಗಿದೆ. ಮೊಣಕೈ ತನಕ ಕೈ ಹೋಗುವಷ್ಟು ತೋಡಿದಾಗ ಬೆರಳಿಗೆ ತಣ್ಣೀರು ಸೋಕಿತು, ಮರುಕ್ಷಣ ನೀರು ನನ್ನ ಎದೆಗೆ ಚಿಮ್ಮಿತು. ನೀರಿನ ಜೊತೆ ದನಿಯೂ ಬಂತು.

"ನಿಧಾನ ಮಾರಾಯ್ತಿ. ಕೆಳಗಿಂದ ತೆಗಿ, ಮೇಲಿಂದು ಮುಟ್ಬೇಡ. ಬೀಳ್ತದೆ."

ಅತ್ತೆ ಕೋಣೆಯ ಮೂಲೆಯಲ್ಲಿದ್ದ ಕಲ್ಲು ಹತ್ತಿ ಕೂತಿದ್ದರು. ನೀರು ಅವರ ಸೊಂಟದವರೆಗೆ ಬಂದಿತ್ತು. ಈಚೆಯಿಂದ ನಾನು, ಆಚೆಯಿಂದ ಅವರು ಗರಟೆಯಲ್ಲಿ, ಸಂದು ದೊಡ್ಡದು ಮಾಡಿದೆವು. ಮೊದಲು ಗರಟೆ ಬಂತು, ಆಮೇಲೆ ಅವರ ಕೈ. ನಾನು ಆ ಕೈಯನ್ನು ಹಿಡಿದವಳು ಹೊರಗೆ ಬಿಸಿಲಿಗೆ ಬರುವವರೆಗೂ ಬಿಡಲಿಲ್ಲ. ತೆವಳುವುದಕ್ಕೆ ಅದರಿಂದ ತೊಂದರೆಯೇ ಆಯಿತು. ಆದರೂ ಬಿಡು ಎಂದು ಅವರು ಹೇಳಲಿಲ್ಲ.

ಹೊರಗೆ ಬಂದು ಕೂತ ಅತ್ತೆ ನನ್ನ ಮುಖ, ತಲೆ, ಹೆಗಲು ಎಲ್ಲ ಮುಟ್ಟಿ ನೋಡಿದರು. "ನೀ ಸರಿ ಇದೀಯಲ್ಲ? ನಿನ್ನ ಕೂ ನಿಂತೇಹೋಯ್ತು. ಬಾಯಿನೇ ಕುಸಿದು ನೀನು ಅಡಿಯಾದೆ ಅಂತ ಮಾಡಿದ್ದೆ. ನಿನ್ನ ಗಂಡಂಗೆ ಎಂತ ಹೇಳೋದು ಅಂತ ಅದೇ ಯೋಚ್ನೆ."

ಅಷ್ಟು ಹೊತ್ತೂ ಮುಚ್ಚಿದ ಕೋಣೆಯಲ್ಲಿ, ಏರುವ ನೀರಿನಲ್ಲಿ ಕೂತು, ಅವರು ಹೆದರಿದ್ದು ನನಗಾಗಿ.

ಚಿಕ್ಕಮಾವ ಚೆಲ್ಲಿದ ದರಗಿನ ಮೇಲೇ ಕುಸಿದು ಕೂತು ಅಳುತ್ತಿದ್ದರು. "ನಾ ಓಗೊಡ್ಬಾರ್ದಿತ್ತು ಅತ್ಗೆ, ನಾ ಓಗೊಡ್ಬಾರ್ದಿತ್ತು." ಅತ್ತೆ ಸೀರೆ ಹಿಂಡಿಕೊಳ್ಳುತ್ತಾ, "ಕೂ ಕೇಳಿ ಸುಮ್ನಿದ್ರೆ ಮನುಷ್ಯ ಅಂತಾರನಾ? ಎದ್ದು ಆ ದರಗು ತುಂಬ್ಕಾ" ಎಂದರು.

ಅದಾದ ಮೇಲೆ ನನಗೆ ಮತ್ತೆ ಮತ್ತೆ ಕಾಣುವುದು ಕುಸಿದ ಮಣ್ಣಲ್ಲ, ಆ ಎಲೆ. ಪಾಠ ಮಾಡುತ್ತಾ ಮಾಡುತ್ತಾ ನಿಲ್ಲುತ್ತೇನೆ. ಎಲೆ ಕಾಣಿಸದೆ ಹೋಗಿದ್ದರೆ? ಚಿಕ್ಕಮಾವ ಇನ್ನೂ ದೂರದಲ್ಲಿ ಇದ್ದು, ಅಲ್ಲಿಂದಲೇ ಓಗೊಡುತ್ತಿದ್ದರೆ? ಮನೆಯಲ್ಲಿ ಅತ್ತೆ ಕಣ್ಣಿಗೆ ಬೀಳದಿದ್ದರೆ ಕೂಗುತ್ತೇನೆ. ಹಿತ್ತಿಲಿನಿಂದ ಉತ್ತರ ಬರುತ್ತದೆ. ದನಿ ಕೇಳಿದರೆ ಸಾಲದು, ಹೋಗಿ ನೋಡಿ ಬರುತ್ತೇನೆ. ಅತ್ತೆ ಇದನ್ನು ಗಮನಿಸಿದ್ದರು. ಒಂದು ದಿನ ಹಿತ್ತಿಲಿನಿಂದಲೇ, "ಇಲ್ಲೇ ಇದೀನಿ ಕಣೆ, ಬಸಳೆ ಸೊಪ್ಪು ಕೊಯ್ತಾ ಇದೀನಿ, ನಾಲ್ಕು ಬಳ್ಳಿ ಆಯ್ತು, ಕಾಲಿಗೆ ಕಟ್ಟಿರುವೆ ಹತ್ತಿದೆ" ಎಂದು ಒಂದೊಂದಾಗಿ ಹೇಳಿದರು. ನಾನು ಅಂದು ಎದ್ದು ಹೋಗಿ ನೋಡಲಿಲ್ಲ.

ಈ ವರ್ಷ ಮಳೆ ಹತ್ತಿರ ಬಂತು. ನನ್ನ ಗಂಡ ಹಾರೆ ಹಿಡಿದು ಹೋಗಿ, ಕಂಡಿಯ ಮೇಲೆ ಸಡಿಲವಾಗಿದ್ದ ಮಣ್ಣನ್ನೆಲ್ಲ ಕೆಡವಿ ಬಂದಿದ್ದರು. ಈಗ ಮೇಲೆ ಗಟ್ಟಿ ಕಲ್ಲು ಕಾಣುತ್ತದೆ, ಕಂಡಿಯೂ ಅಗಲವಾಗಿದೆ. ಪೈಪನ್ನು ಕೋಣೆಯ ತನಕ ಎಳೆದುಬಿಡೋಣ, ಆಮೇಲೆ ಯಾರೂ ಹೋಗುವುದು ಬೇಡ ಎಂದರು. ಎಳೆಯುವುದಕ್ಕೂ ಮೊದಲು ಒಮ್ಮೆ ಹೂಳು ತೆಗೆಯಲೇಬೇಕು. ಅತ್ತೆ ಗರಟೆ ಹುಡುಕತೊಡಗಿದರು.

"ಬಾಯಲ್ಲಿ ಕೂರೋದು ನನ್ನಿಂದಾಗಲ್ಲ ಅತ್ತೆ" ಎಂದೆ.

ಅವರು ಸಿಕ್ಕ ಗರಟೆಯನ್ನು ನನ್ನ ಕೈಗಿಟ್ಟರು. "ಹಂಗಾರೆ ನೀ ಒಳಗೆ ಹೋಗು. ನಾ ಕೂರ್ತೀನಿ." ಬ್ಯಾಟರಿಯನ್ನು ಅವರೇ ನನ್ನ ತಲೆಗೆ ಕಟ್ಟಿದರು. "ಕೂ ಗೀ ಬ್ಯಾಡ. ಕೂಗೆ ಯಾರ್ ಬೇಕಾರೂ ಓಗೊಡ್ತಾರೆ. ನಾ ಕೇಳ್ದಿದ್ದಕ್ಕೆ ನೀ ಸರಿಯಾಗಿ ಜವಾಬು ಕೊಡ್ಬೇಕು. ತಿಳೀತಾ?"

ಕಂಡಿ ದಾಟುವಾಗ ನನ್ನ ಎದೆ ಬಡಿತ ಕಲ್ಲಿಗೆ ತಾಗುತ್ತಿತ್ತು. ಕೋಣೆಯಲ್ಲಿ ಎರಡು ಬಾವಲಿಗಳು ನೇತಾಡುತ್ತಿದ್ದವು. ಅತ್ತೆ ಹತ್ತಿ ಕೂತಿದ್ದ ಕಲ್ಲು ಅಲ್ಲೇ ಇತ್ತು. ನಾನು ಊಹಿಸಿಕೊಂಡಿದ್ದಕ್ಕಿಂತ ಅದು ಬಹಳ ಚಿಕ್ಕದಾಗಿತ್ತು. ಮುಟ್ಟಿ ನೋಡಿದೆ. ಅಷ್ಟರಲ್ಲಿ ದೂರದಿಂದ ದನಿ ಬಂತು.

"ಮಿಡಿ ಭರಣಿಗೆ ಬಟ್ಟೆ ಕಟ್ಟಿದ್ಯಾ?"

"ಕಟ್ಟಿದೀನಿ ಅತ್ತೆ!"

"ಒಂದು ಭರಣಿನಾ, ಎರಡೂವಾ?"

"ಎರಡೂ!"

"ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ಯಾರು?"

"ನೀವೇ!"

ಹೊರಗಡೆ ಚಿಕ್ಕಮಾವನ ನಗು ಕೇಳಿತು. ಅವರೂ ಬಂದು ಕೂತಿದ್ದಾರೆ ಎಂದಾಯಿತು. "ಅಲ್ಲ ಅತ್ಗೆ, ಇದನ್ನ ಕೇಳಕ್ಕೆ ಅವಳನ್ನ ಅಷ್ಟು ಒಳಗೆ ಕಳಿಸ್ಬೇಕಿತ್ತಾ?"

"ನೀ ಬಾಯ್ಮುಚ್ಚು. ನಿನ್ನ ಕೇಳ್ಲಿಲ್ಲ" ಎಂದರು ಅತ್ತೆ.

ನಾನು ಗರಟೆಯನ್ನು ಹೂಳಿಗೆ ಇಳಿಸಿದೆ. ನೀರು ಕದಡಿ, ಬ್ಯಾಟರಿಯ ಬೆಳಕಿನಲ್ಲಿ ಕುಂಕುಮ ಕಲಸಿದಂತಾಗಿ, ಕಂಡಿಯ ಕಡೆಗೆ ಹರಿದು ಹೋಯಿತು. ಅದು ಆ ಇಪ್ಪತ್ತು ಹೆಜ್ಜೆ ದಾಟುವ ತನಕ ನಾನು ಉಸಿರು ಹಿಡಿದು ಕಾದೆ.

"ಕೆಂಪು ಬಂತು ಕಣೇ!" ಎಂದು ಅತ್ತೆ ಕೂಗಿದರು. "ಬಂತು, ಬಂತು. ನನ್ನ ಕಾಲ ಹತ್ರಾನೇ ಬಂತು."

ಅವರ ಕಾಲ ಬಳಿ ನೀರು ತಿಳಿಯಾಗಲು ಬಿಡದೆ ಇನ್ನೊಂದು ಗರಟೆ ಕೆದಕಿದೆ.