ಬಳಿ ಬೇರೆ ಎಂದು ಬರೆಸಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ದೊಡ್ಡ ಹುದ್ದೆಯೇನಲ್ಲ. ವಿದ್ಯಾರ್ಥಿಗಳು ಗದ್ದೆಯಿಂದ ಹಿಡಿದು ತಂದ ಗಂಡು ಮಿಡತೆಯ ವೃಷಣಕ್ಕೆ ಬಣ್ಣ ಹಚ್ಚಿ, ಎರಡು ಗಾಜಿನ ನಡುವೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ತೋರಿಸುವುದು ನನ್ನ ಕೆಲಸ. ಜೋಡಿಯಾಗಿ ನಿಂತ ವರ್ಣತಂತುಗಳು ಅಲ್ಲಿ ಒಂದನ್ನೊಂದು ಬಿಟ್ಟು ಎರಡು ಬದಿಗೆ ಸರಿಯುತ್ತವೆ. ವೀರ್ಯಾಣುವಿಗೆ ಪ್ರತಿ ಜೋಡಿಯಿಂದ ಒಂದೇ ಹೋಗುತ್ತದೆ, ಅಂಡಾಣುವಿಗೂ ಹಾಗೆಯೇ. ಯಾವುದು ಯಾವ ಬದಿಗೆ ಎಂದು ಯಾರೂ ತೀರ್ಮಾನಿಸುವುದಿಲ್ಲ. ನೋಡಿಯೂ ಅರ್ಥವಾಗದವರಿಗೆ ಉಲ್ಲನ್ ನೂಲಿನ ತುಂಡುಗಳಲ್ಲಿ ತೋರಿಸುತ್ತಿದ್ದೆ; ಕೆಂಪು ಅಪ್ಪನದು, ನೀಲಿ ಅಮ್ಮನದು. ನಾಲ್ಕು ವರ್ಷ ಇದನ್ನೇ ಹೇಳಿದೆ. ನಮ್ಮ ಮನೆಗೂ ಇದಕ್ಕೂ ಸಂಬಂಧ ಇದ್ದೀತೆಂದು ಒಮ್ಮೆಯೂ ಹೊಳೆಯಲಿಲ್ಲ, ನೋಡಿ ನನ್ನ ಬುದ್ಧಿ!

ನಮ್ಮ ಮನೆ ಕಾಪುವಿನಲ್ಲಿ. ಅಕ್ಕನನ್ನು ಕಾರ್ಕಳದಲ್ಲಿ ನೆಲೆಸಿದ್ದ ಸೋದರಮಾವನ ಹಿರಿಯ ಮಗನಿಗೆ ಕೊಟ್ಟಿದ್ದರು. ಕಿರಿಯ ಮಗನಿಗೆ ನಾನು ಎಂದು ಸಣ್ಣಂದಿನಿಂದಲೂ ಮಾತಾಗಿತ್ತು. ನನಗೂ ಅವನೆಂದರೆ ಇಷ್ಟವೇ, ಸುಳ್ಳು ಯಾಕೆ ಹೇಳಲಿ. ನಮ್ಮಲ್ಲಿ ಮದುವೆಗೆ ಮೊದಲು ನೋಡುವುದು ಬಳಿಯನ್ನು. ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಒಂದೇ ಬಳಿಯವರು ಅಣ್ಣ ತಂಗಿಯರ ಹಾಗೆ, ಮದುವೆ ಕೂಡದು. ಮಾವನ ಮಕ್ಕಳದ್ದು ಅತ್ತೆಯ ಬಳಿ, ನಮ್ಮದು ಅಮ್ಮನದ್ದು. ಬಳಿ ಬೇರೆಯಾದ ಮೇಲೆ ಮುಗಿಯಿತು, ಹೇಳಿ ಮಾಡಿಸಿದ ಜೋಡಿ.

ಅಕ್ಕನ ಮಗಳಿಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಹಿಂದಿನಿಂದ ತಟ್ಟೆ ಬಡಿದರೂ ತಿರುಗಿ ನೋಡುತ್ತಿರಲಿಲ್ಲ. ಆಗ ಅತ್ತೆ ಬಾಯಿ ಬಿಟ್ಟರು: “ಮಗು ನಿಮ್ಮ ಬಳಿಯದ್ದು. ದೋಷವೂ ನಿಮ್ಮದೇ ಅಲ್ವಾ? ನಮ್ಮದು ಇದರಲ್ಲಿ ಎಂತ ಉಂಟು?” ಬಳಿಯ ಲೆಕ್ಕದಲ್ಲಿ ಅವರು ಹೇಳಿದ್ದು ತಪ್ಪಲ್ಲ. ಭಾವ ಎದ್ದು ಹೊರಗೆ ಹೋದರು. ಅಕ್ಕ ಮಗುವನ್ನು ಎತ್ತಿಕೊಂಡು ಕಾಪುವಿಗೆ ಬಂದಳು. ವಾರವಾಯಿತು, ತಿಂಗಳಾಯಿತು, ಕರೆದೊಯ್ಯಲು ಯಾರೂ ಬರಲಿಲ್ಲ. ಅಮ್ಮ ಒಂದು ಉಪಾಯ ಹುಡುಕಿದರು. ನನ್ನ ಮದುವೆ ಬೇಗ ಮುಗಿಸಿಬಿಟ್ಟರೆ, ತಂಗಿಯ ಹಿಂದೆ ಅಕ್ಕನೂ ಆ ಮನೆಗೆ ತಿರುಗಿ ಹೋಗಬಹುದು.

ಅದಕ್ಕೆ ಮೊದಲು ಮಗುವನ್ನು ಮಣಿಪಾಲದ ಆಸ್ಪತ್ರೆಯಲ್ಲಿ ತೋರಿಸೋಣ ಎಂದೆ. ಅಲ್ಲಿನ ಡಾಕ್ಟರು ಘಟ್ಟದ ಮೇಲಿನವರು, ನಮ್ಮ ಬಳಿಯ ಲೆಕ್ಕ ತಿಳಿಯದವರು, ತಾಳ್ಮೆಯ ಮನುಷ್ಯ. ಪರೀಕ್ಷೆಯೆಲ್ಲ ಮುಗಿಸಿ, “ಎರಡೂ ಕಿವಿ ಕೇಳುವುದಿಲ್ಲ, ಹುಟ್ಟಿನಿಂದಲೇ,” ಎಂದರು. ಆಮೇಲೆ ಪೆನ್ನು ಹಿಡಿದು ಕೇಳಿದರು, “ರಕ್ತಸಂಬಂಧದಲ್ಲಿ ಮದುವೆಯಾ?”

“ಛೆ ಛೆ, ಇಲ್ಲಪ್ಪ,” ಎಂದರು ಅಮ್ಮ. “ಬಳಿ ಬೇರೆ ಬೇರೆ.”

ಡಾಕ್ಟರು ‘ಇಲ್ಲ’ ಎಂದು ಬರೆದುಕೊಂಡರು. ನಾನು ಪಕ್ಕದಲ್ಲೇ ಗೊಂಬೆಯ ಹಾಗೆ ನಿಂತಿದ್ದೆ. ಅಮ್ಮ ಸುಳ್ಳು ಹೇಳಲಿಲ್ಲ, ನನಗೂ ಅದು ಸುಳ್ಳೆಂದು ಅನಿಸಲಿಲ್ಲ. ಉಡುಪಿಗೆ ಇಳಿಯುವ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಭಾವನ ಅಪ್ಪ ನನ್ನ ಅಮ್ಮನ ಒಡಹುಟ್ಟಿದವರಲ್ಲವೇ!

ಮರುದಿನ ಒಬ್ಬಳೇ ಹೋಗಿ, ನಾನು ಏನು ಕಲಿಸುವವಳೆಂದೂ ಹೇಳಿ, ಬರೆಸಿದ್ದನ್ನು ಸರಿಪಡಿಸಿದೆ. ಡಾಕ್ಟರು ಬೈಯಲಿಲ್ಲ. ಒಂದು ಕಾಗದದ ಮೇಲೆ ಅಜ್ಜಿಯನ್ನು ಮೇಲೆ ಇಟ್ಟು, ಕೆಳಗೆ ಅಮ್ಮ ಮತ್ತು ಮಾವ, ಅವರ ಕೆಳಗೆ ಅಕ್ಕ ಮತ್ತು ಭಾವ, ತಳದಲ್ಲಿ ಮಗು, ಹೀಗೆ ಗೆರೆ ಎಳೆದರು. “ಖಂಡಿತ ಎನ್ನಲಾರೆ, ಆದರೆ ಹೀಗೇ ಇರಬೇಕು. ಇದು ನೀವು ಕಲಿಸುವ ಪಾಠವೇ ಅಲ್ಲವೇ?” ಎಂದರು. ನನಗೆ ನಾಚಿಕೆಯಾಯಿತು.

ಆ ಸಂಜೆ ಚಾವಡಿಯಲ್ಲಿ ಅಕ್ಕನ ಎದುರು ನೂಲಿನ ತುಂಡುಗಳನ್ನು ಹರಡಿದೆ. ಮಗುವೂ ಬಂದು ಕುಳಿತಿತು. ಅಜ್ಜಿಯ ಒಂದು ಜೋಡಿಯಲ್ಲಿ ಒಂದು ನೂಲಿಗೆ ಗಂಟು ಹಾಕಿದೆ. “ಜೋಡಿ ಬಿಡುವಾಗ ಈ ಗಂಟಿನದ್ದು ಅಮ್ಮನಿಗೂ ಬಂತು, ಮಾವನಿಗೂ ಹೋಯಿತು. ಅಮ್ಮನಿಂದ ನಿನಗೆ, ಮಾವನಿಂದ ಭಾವನಿಗೆ. ಒಂದೇ ಗಂಟಾದರೆ ತೊಂದರೆ ಇಲ್ಲ, ಜೊತೆಯದ್ದು ಸರಿ ಉಂಟಲ್ಲ. ಮಗುವಿಗೆ ಮಾತ್ರ ಎರಡೂ ಕಡೆಯಿಂದ ಗಂಟೇ ಬಂತು.”

ಅಕ್ಕ ಗಂಟಿನ ನೂಲನ್ನು ಎತ್ತಿ ನೋಡಿದಳು. “ಹಾಗಾದ್ರೆ ನನ್ನದು ಮಾತ್ರ ಅಲ್ಲ?”

“ಅಲ್ಲ ಮಾರಾಯ್ತಿ. ಅರ್ಧ ಅವರದ್ದು.”

ಎಷ್ಟೋ ತಿಂಗಳ ಮೇಲೆ ಅಕ್ಕನ ಮುಖದಲ್ಲಿ ಜೀವ ಬಂತು. ಮುಂದಿನ ವಾರ, ಡಾಕ್ಟರು ಗೆರೆ ಎಳೆದ ಕಾಗದವನ್ನು ನಾನು ಕಾರ್ಕಳಕ್ಕೆ ಕಳಿಸಿದ ಮೇಲೆ, ಅದನ್ನು ನೋಡಿಯೇ ಭಾವ ಅವಳನ್ನು ಕರೆದೊಯ್ಯಲು ಬಂದದ್ದು. ಅತ್ತೆಯ ಬಾಯಿಯೂ ಕಟ್ಟಿತು. ಆ ಸಂಜೆ ನಾನು ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಕಲಿಸುವವರ ಚಟ, ಪಾಠ ಪೂರ್ತಿ ಮಾಡದೆ ಬಿಡುವುದಿಲ್ಲ.

“ಅದಕ್ಕೇ ನಾನು ಅವನನ್ನು ಮದುವೆ ಆಗುವುದಿಲ್ಲ,” ಎಂದೆ. “ನನ್ನಲ್ಲಿ ಗಂಟು ಇರಲಿಕ್ಕೆ ಅರ್ಧ, ಅವನಲ್ಲಿ ಇರಲಿಕ್ಕೆ ಅರ್ಧ. ಇಬ್ಬರಲ್ಲೂ ಇದ್ದರೆ ಮಗುವಿಗೆ ಕಾಲು. ಒಟ್ಟು ಹದಿನಾರರಲ್ಲಿ ಒಂದು.”

ಅಕ್ಕ ಗಂಟಿನ ನೂಲನ್ನು ಬೆರಳಿಗೆ ಸುತ್ತಿಕೊಂಡಳು. “ಹದಿನೈದು ಸರಿ ಉಂಟಲ್ಲ? ಅವನು ನಿನಗೆ ಇಷ್ಟ ಅಲ್ವಾ?”

“ಇಷ್ಟವೇ. ಆದರೆ ಆ ಒಂದು ಬಂದರೆ?”

ಮಗು ಆಗ ಕೆಂಪು ನೀಲಿ ನೂಲುಗಳನ್ನು ಸೇರಿಸಿ ಹೊಸೆಯುತ್ತಿತ್ತು. ಹೊಸೆದದ್ದನ್ನು ನನಗೆ ತೋರಿಸಿ ನಕ್ಕಿತು. ನನ್ನ ದನಿ ತಾನಾಗಿಯೇ ತಗ್ಗಿತು. “ಅಂಥ ಮಗುವನ್ನು ಸಾಕಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ ಅಕ್ಕ,” ಎಂದು ಪಿಸುಗುಟ್ಟಿದೆ.

ಅಕ್ಕ ಕೈಯಲ್ಲಿದ್ದ ನೂಲನ್ನು ನನ್ನ ಮಡಿಲಿಗೆ ಹಾಕಿ, ಮಗುವನ್ನು ಎತ್ತಿಕೊಂಡಳು.

“ಎಂತಕ್ಕೆ ಮೆಲ್ಲ ಹೇಳುವುದು? ಅವಳಿಗೆ ಕೇಳುವುದಿಲ್ಲ. ನನಗೆ ಕೇಳ್ತದೆ.”