ಬೈಸಿಕೊಳ್ಳುತ್ತಲೇ ಗಾಯ ಕಟ್ಟುವ ರೋಜಾ

ಬೆಟಗೇರಿಯ ಆ ಓಣಿಗೆ ಬೆಳಕು ಇನ್ನೂ ಸರಿಯಾಗಿ ಇಳಿದಿಲ್ಲ. ಸುಮಿತ್ರವ್ವನ ಮನೆಯ ಪಡಸಾಲೆಯಲ್ಲಿ ರೋಜಾ ನೆಲಕ್ಕೆ ಕುಳಿತು, ಆಕೆಯ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಾಳೆ. ನಿನ್ನೆ ಕಟ್ಟಿದ ಬಟ್ಟೆ ಗಾಯಕ್ಕೆ ಅಂಟಿದೆ. ರೋಜಾ ಅದನ್ನು ಎಳೆಯುವುದಿಲ್ಲ. ಕಾಯಿಸಿ ಆರಿಸಿದ ಉಪ್ಪುನೀರನ್ನು ಹನಿಹನಿಯಾಗಿ ಬಿಡುತ್ತ, ಬಟ್ಟೆ ತಾನಾಗಿ ಸಡಿಲಾಗುವವರೆಗೆ ಕಾಯುತ್ತಾಳೆ.

"ಜಲ್ದಿ ಕಿತ್ತ ಒಗಿಬಾರದ?" ಸುಮಿತ್ರವ್ವ ಗೊಣಗುತ್ತಾಳೆ.

"ಕಿತ್ತರ ಹೊಸಾ ಚರ್ಮಾನೂ ಕಿತ್ತ ಬರ್ತೈತ್ರಿ ಯವ್ವಾ."

"ನೀ ಕೀಳೂದು ಇನ್ನ ಏನ ಉಳದೈತಿ?"

ರೋಜಾ ಇನ್ನಷ್ಟು ನೀರು ಬಿಡುತ್ತಾಳೆ. ಆ ಕಾಲಿಗೆ ಈಗ ಎರಡು ಬೆರಳುಗಳಿಲ್ಲ. ಅವು ಹೋದದ್ದರಲ್ಲಿ ತನ್ನ ಪಾಲೂ ಇದೆ ಎಂದು ರೋಜಾ ನಂಬಿದ್ದಾಳೆ.

ಶಿರಹಟ್ಟಿಯಲ್ಲಿ ಹುಟ್ಟಿದ ರೋಜಾ ಮದುವೆಯಾಗಿ ಬಂದದ್ದು ಬೆಟಗೇರಿಗೆ. ಮಗ್ಗದ ಕೆಲಸದ ಗಂಡ ಸಮಾಧಾನಪ್ಪ ಎದೆನೋವಿನಿಂದ ತೀರಿಕೊಂಡ ಮೇಲೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿದಳು. ನರ್ಸಮ್ಮಗಳ ಪಕ್ಕದಲ್ಲಿ ಟ್ರೇ ಹಿಡಿದು ನಿಂತೇ ಗಾಯ ತೊಳೆಯುವುದನ್ನು ಕಲಿತಳು. ಈಗ ಸಕ್ಕರೆ ಕಾಯಿಲೆಯವರ ಕಾಲು, ಹಾಸಿಗೆ ಹಿಡಿದವರ ಬೆನ್ನು ಎಂದು ದಿನಕ್ಕೆ ಐದಾರು ಮನೆ ಸುತ್ತುತ್ತಾಳೆ. ಕರೆ ಬಂದರೆ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೂ ಹೋಗಿಬರುತ್ತಾಳೆ. ಒಮ್ಮೆ ಓಣಿಯ ಬಾಯಲ್ಲಿ ಹುಡುಗರು ತಡೆದು, ಧರ್ಮದ ಪುಸ್ತಕ ಹಂಚಲು ಬಂದಳೆಂದು ಚೀಲ ಬಿಚ್ಚಿಸಿದರು. "ಹಳೇ ಪಟ್ಟಿ ಅದಾವ್ರಪ್ಪಾ, ಬೇಕಾದ್ರ ಮೂಸಿ ನೋಡ್ರಿ" ಎಂದಳಂತೆ. ಹುಡುಗರೇ ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು.

ಹೋದ ವರ್ಷ ಇದೇ ಓಣಿಯಲ್ಲಿ ಬೈಕ್ ನಿಲ್ಲಿಸುವ ಜಾಗಕ್ಕೆ ಶುರುವಾದ ಜಗಳ ಸಂಜೆಯ ಹೊತ್ತಿಗೆ ಎರಡು ಧರ್ಮದವರ ಜಗಳವಾಯಿತು. ಎರಡೂ ಕಡೆಯಿಂದ ಕಲ್ಲು ಬಿದ್ದವು. ಎದುರುಮನೆಯ ತಸ್ಲೀಮಳ ಮಗ ವಸೀಮ ತಲೆಗೆ ಪೆಟ್ಟಾಗಿ ಸತ್ತ. ಪೊಲೀಸರು ಹಿಡಿದದ್ದು ಸುಮಿತ್ರವ್ವನ ಮಗ ಅರ್ಜುನನನ್ನು. ಆತ ಇನ್ನೂ ಜೈಲಿನಲ್ಲಿದ್ದಾನೆ; ವಿಚಾರಣೆ ಮುಗಿದಿಲ್ಲ. ಅಂದಿನಿಂದ ಈ ಬದಿಯವರು ಹಿಟ್ಟಿನ ಗಿರಣಿಗೆ ಬೆಳಿಗ್ಗೆ ಹೋದರೆ, ಆ ಬದಿಯವರು ಮಧ್ಯಾಹ್ನ ಹೋಗುತ್ತಾರೆ. ಒಬ್ಬರ ಮದುವೆಗೆ ಇನ್ನೊಬ್ಬರಿಲ್ಲ, ಒಬ್ಬರ ಮಣ್ಣಿಗೆ ಇನ್ನೊಬ್ಬರಿಲ್ಲ. ಎರಡೂ ಬದಿಯ ಹೊಸ್ತಿಲು ತುಳಿಯುವವಳು ರೋಜಾ ಒಬ್ಬಳೇ. ಸುಮಿತ್ರವ್ವನ ಕಾಲು ಮುಗಿಸಿ, ಎದುರಿಗೆ ಹೋಗಿ ತಸ್ಲೀಮಳ ಅತ್ತೆಯ ಬೆನ್ನಿನ ಹುಣ್ಣು ತೊಳೆಯುತ್ತಾಳೆ.

ರೋಜಾ ಹೋಗುವ ಕ್ರೈಸ್ತ ಸಭೆಯವರಿಗೊಂದು ರೂಢಿಯಿದೆ. ಯಾರದಾದರೂ ಮನೆಯ ಮುಂದೆ ಪೆಂಡಾಲು ಹಾಕಿ ಪ್ರಾರ್ಥನೆಗೆ ಕೂಡಿದಾಗ, ಕಷ್ಟದಲ್ಲಿರುವವರ ಹೆಸರು ಹಿಡಿದು ಗಟ್ಟಿಯಾಗಿ ಬೇಡಿಕೊಳ್ಳುತ್ತಾರೆ. ಮಾತಿನ ಕೊನೆಗೆ ಎಲ್ಲರ ಪಾಪಕ್ಕೂ ಕ್ಷಮೆ ಕೇಳುತ್ತಾರೆ. ಅಂಥ ಒಂದು ಸಂಜೆ ಮೈಕು ರೋಜಾಳ ಕೈಗೆ ಬಂತು. ಕಣ್ಣು ಮುಚ್ಚಿ, "ವಸೀಮನ ತಾಯಿಗೆ ಸಮಾಧಾನ ಕೊಡು ಸ್ವಾಮಿ, ಅರ್ಜುನನ್ನ ಕ್ಷಮಿಸು" ಎಂದಳು. ಪೆಂಡಾಲು ಇದ್ದದ್ದು ಹಿಂದಿನ ಓಣಿಯಲ್ಲಿ. ಮಾತು ಎರಡೂ ಮನೆಗೆ ಕೇಳಿಸಿತು.

ಮರುದಿನ ಸುಮಿತ್ರವ್ವ ಬಾಗಿಲಲ್ಲೇ ತಡೆದಳು. "ಕೋರ್ಟಿನ್ಯಾಗ ಜಜ್ ಸಾಹೇಬ್ರು ಇನ್ನ ಬಾಯಿ ಬಿಟ್ಟಿಲ್ಲ. ನೀ ಮೈಕಿನ್ಯಾಗ ನನ್ನ ಮಗನ್ನ ಕೊಲೆಗಾರ ಮಾಡಿದಿ. ಇನ್ನ ಈ ಕಡೆ ಹಾಯಬ್ಯಾಡ." ಎದುರುಮನೆಯ ತಸ್ಲೀಮ ಬಾಗಿಲು ಮುಚ್ಚಲಿಲ್ಲ, ಅತ್ತೆಯ ಬೆನ್ನು ಹಾಗಿತ್ತು. "ಸತ್ತಾಂವ ನನ್ನ ಮಗಾ, ರೋಜಕ್ಕ. ಕ್ಷಮಾ ಮಾಡ ಅನ್ನಾಕ ನೀ ಯಾರು?" ಎಂದವಳು ಆಮೇಲೆ ಮಾತು ಬಿಟ್ಟಳು. ಕೆಲಸ ಮುಗಿದ ಮೇಲೆ ಬರುತ್ತಿದ್ದ ಚಹಾ ನಿಂತಿತು.

ಸುಮಿತ್ರವ್ವ ಯಾರನ್ನೂ ಕರೆಯದೆ, ತಾನೇ ಅರಿಸಿನ ಮೆತ್ತಿ ಹಳೆಯ ಸೀರೆ ಸುತ್ತಿಕೊಂಡಳು. ರೋಜಾ ದಿನಾ ಆ ಮುಚ್ಚಿದ ಬಾಗಿಲನ್ನು ನೋಡುತ್ತ ಹಾದುಹೋದಳು. ತಟ್ಟುವ ಧೈರ್ಯ ಬರಲಿಲ್ಲ. ಒಂದು ಮುಂಜಾನೆ ತಸ್ಲೀಮಳೇ ಗೋಡೆಯ ಕಡೆ ಮುಖ ಮಾಡಿಕೊಂಡು ಮಾತಾಡಿದಳು: "ಎದುರಿಗಿನಾಕಿ ರಾತ್ರಿ ಎಲ್ಲಾ ನರಳತಾಳ. ನಮ್ಮತ್ತಿಗೆ ನಿದ್ದಿ ಇಲ್ಲ. ಹೋಗಿ ಏನರ ಮಾಡು."

ಅತ್ತೆಗೆ ಕಿವಿ ಕೇಳಿಸುವುದಿಲ್ಲವೆಂಬುದು ರೋಜಾಳಿಗೆ ಗೊತ್ತಿತ್ತು. ಆಕೆ ಚೀಲ ಎತ್ತಿಕೊಂಡು ಹೋಗಿ ಸುಮಿತ್ರವ್ವನ ಬಾಗಿಲು ತಟ್ಟಿದಳು.

"ತಪ್ಪಾತ್ರಿ ಯವ್ವಾ. ಬೈರಿ, ಆದ್ರ ಕಾಲು ಕೊಡ್ರಿ."

"ನಂದು ಬೈಯೂದು ಇವತ್ತಿಗೆ ಮುಗಿಯೂದಲ್ಲ."

"ನೀವು ಬೈಕೋಂತ ಇರ್ರಿ. ನಾ ಕಟ್ಟಕೋಂತ ಇರ್ತೀನಿ."

ಕಟ್ಟಲು ತಡವಾಗಿತ್ತು. ಬೆರಳು ಕಪ್ಪಿಟ್ಟಿದ್ದವು. ರೋಜಾ ಆಟೋ ತರಿಸಿ ಆಸ್ಪತ್ರೆಗೆ ಒಯ್ದಳು. ಎರಡು ಬೆರಳು ತೆಗೆದರು. ಪಾದ ಉಳಿಯುತ್ತದೋ ಇಲ್ಲವೋ, ಡಾಕ್ಟರು ಇನ್ನೂ ಹೇಳಿಲ್ಲ. ಒಂದೊಂದು ದಿನ ಗಾಯ ಕೆಂಪಗಿರುತ್ತದೆ, ಇನ್ನೊಂದು ದಿನ ವಾಸನೆ ಬರುತ್ತದೆ. ಬೈಗುಳ ಮಾತ್ರ ಒಂದು ದಿನವೂ ತಪ್ಪಿಲ್ಲ. ಎದುರುಮನೆಯ ಚಹಾ ಇನ್ನೂ ಬಂದಿಲ್ಲ. ಆದರೆ ರೋಜಾ ಹೋಗುವ ಹೊತ್ತಿಗೆ ತಸ್ಲೀಮ ಬಿಸಿನೀರು ಕಾಯಿಸಿ ಮುಚ್ಚಿಟ್ಟಿರುತ್ತಾಳೆ.

ಈಗ ಪ್ರತಿ ಭಾನುವಾರ ಸಭೆಯಲ್ಲಿ, ಒಡೆದ ಓಣಿಗಳಲ್ಲಿ ಓಡಾಡುವ ತಮ್ಮವರಿಗಾಗಿ ಎಲ್ಲರೂ ತಲೆ ಬಾಗಿಸಿ ಬೇಡಿಕೊಳ್ಳುತ್ತಾರೆ. ಹೆಸರು ಹೇಳುವುದಿಲ್ಲ. ಯಾರಿಗಾಗಿ ಎಂಬುದು ಬೆಂಚಿನ ಮೇಲಿರುವ ಎಲ್ಲರಿಗೂ ಗೊತ್ತು. "ನನಗ ಧೈರ್ಯ ಕಮ್ಮಿ ಐತ್ರಿ, ಅದನ್ನ ಬೇಡ್ಕೋರ್ರಿ ಅಂತ ಹೇಳೀನಿ" ಎನ್ನುತ್ತಾಳೆ ರೋಜಾ. "ಆ ಬಾಗಲಾ ಮೊದಲ ದಿನಾನ ತಟ್ಟಬೇಕಾಗಿತ್ತು. ಅಂಜಿದೆ. ಆಕಿ ಬೆರಳ ಹೋದೂವು." ತಾನು ಬೇಡಿಕೊಳ್ಳುವುದನ್ನು ಬಿಟ್ಟಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ದಾಟುವಾಗ, ಬಾಯಿ ಬಿಡದೆ, ಇಬ್ಬರು ತಾಯಂದಿರ ಹೆಸರು ಹೇಳಿಕೊಳ್ಳುತ್ತಾಳೆ.

ಮುಂದಿನ ತಿಂಗಳು ಗದಗದ ಕೋರ್ಟಿನಲ್ಲಿ ವಿಚಾರಣೆಯಿದೆ. ಅರ್ಜುನನನ್ನು ಕರೆತರುತ್ತಾರೆ. ಮಗನನ್ನು ನೋಡಲು ಸುಮಿತ್ರವ್ವ ಹೋಗಬೇಕು. ಎತ್ತಿಸಿಕೊಂಡು ಹೋಗಲಾರೆ ಎಂದು ಹಟ ಹಿಡಿದಿದ್ದಾಳೆ. ತಸ್ಲೀಮಳೂ ಬರುತ್ತಾಳೆ.

ರೋಜಾ ಪಟ್ಟಿಯ ತುದಿಯನ್ನು ಗಂಟು ಹಾಕಿ, ಗಟ್ಟಿಯಾಯಿತೇನೋ ಎಂದು ಬೆರಳು ತೂರಿಸಿ ನೋಡುತ್ತಾಳೆ. ಓಣಿಗೆ ಇಳಿದ ಮೇಲೆ ಹೇಳುತ್ತಾಳೆ:

"ತೀರ್ಪು ಏನರ ಬರ್ಲಿ, ಅದು ನನ್ನ ಕೆಲಸಲ್ಲ. ಆಕಿ ತನ್ನ ಕಾಲ ಮ್ಯಾಲೆ ನಡಕೊಂಡ ಕೋರ್ಟಿಗೆ ಬಂದ್ರ ಸಾಕು. ಅಲ್ಲಿ ಒಂದ ಉದ್ದನ್ನ ಕಟಗಿ ಬಾಕ ಇರತೈತಿ, ಇಬ್ಬರೂ ಅದರ ಎರಡ ತುದೀಗೆ ಕುಂಡ್ರತಾರ. ನಡುವ ನನಗೊಂದೀಟು ಜಾಗಾ ಬಿಟ್ರ ಆತ್ರಿ."